ಕೆರೆಯಂಗಳದಲ್ಲಿ ಒಂದು ಮರೆ

ಹುಲಿಹೈದರದ ಕಡೆಯ ಒಂದು ಕೆರೆಯಲ್ಲಿ ಹೂಳೆತ್ತುವ ಕೆಲಸ ನಡೆದಿತ್ತು. ಉದ್ಯೋಗ ಖಾತ್ರಿಯ ನಲವತ್ತು ಜನರ ಹಾಜರಿ ಹಿಡಿಯುವ ಕವಿತಾ, ಬೆಳಗಿನ ಏಳಕ್ಕೇ ಗಂಡಸರಿಗೊಂದು, ಹೆಂಗಸರಿಗೊಂದು ಎಂದು ಎರಡು ಕೊಡ ನೀರು ತುಂಬಿಸಿ, ಒದ್ದೆ ಗೋಣಿಚೀಲ ಸುತ್ತಿಸಿ ಇಡುತ್ತಿದ್ದಳು. ಗಂಡಸರ ಕೊಡ ಹತ್ತಕ್ಕೆಲ್ಲ ಖಾಲಿ. ಹೆಂಗಸರದ್ದು ಮಧ್ಯಾಹ್ನವಾದರೂ ತುಂಬಿದಂತೆಯೇ ಇರುತ್ತಿತ್ತು. “ನೀರು ಕುಡೀರವ್ವಾ” ಎಂದು ಕೂಗಿ ಕೂಗಿ ಆಕೆ ಸೋತುಹೋಗಿದ್ದಳು.

ಏಪ್ರಿಲ್‌ನ ಒಂದು ಬೆಳಿಗ್ಗೆ ಹುಲಗೆಮ್ಮ ಮಣ್ಣಿನ ಬುಟ್ಟಿ ಹೊತ್ತವಳೇ ಕುಸಿದಳು. ಕವಿತಾ ಓಡಿಹೋಗಿ ಆಕೆಯನ್ನು ಟ್ರ್ಯಾಕ್ಟರಿನ ನೆರಳಿಗೆ ಒಯ್ಯಿಸಿ, ಒದ್ದೆ ಬಟ್ಟೆಯಿಂದ ಮೈ ಒರೆಸಿದಳು. ಕಣ್ಣು ಬಿಟ್ಟು ಮಾತಾಡಿದ ಮೇಲೆ, ಉಪ್ಪು ಸಕ್ಕರೆ ಕಲಸಿದ ನೀರನ್ನು ಗುಟುಕು ಗುಟುಕಾಗಿ ಕುಡಿಸಿದಳು.

“ಕೊಡ ಎದುರಿಗೇ ಐತಿ. ಯಾಕ ಕುಡೀಲಿಲ್ಲ ಚಿಗವ್ವಾ?”

ಹುಲಗೆಮ್ಮ ಆಕೆಯನ್ನು ಹತ್ತಿರಕ್ಕೆ ಎಳೆದುಕೊಂಡು ಕಿವಿಯಲ್ಲಿ ಹೇಳಿದಳು. “ಕುಡದ್ರ ಒಂದಕ್ಕ ಹೋಗಬೇಕಲ್ಲವ್ವಾ. ಇಷ್ಟು ಗಂಡಸರ ಮುಂದ ಎಲ್ಲಿ ಕುಂದರ್ಲಿ? ಒಂದು ಗಿಡಾನೂ ಇಲ್ಲ. ನಾವ್ಯಾರೂ ಮುಂಜಾನಿಂದ ಹನಿ ಮುಟ್ಟಂಗಿಲ್ಲ.”

ಕವಿತಾಳ ಮುಖ ಬಿಸಿಯಾಯಿತು. ತಾನು ದಿನಾ ಹನ್ನೊಂದಕ್ಕೆ ಸ್ಕೂಟಿ ಹತ್ತಿ ಮನೆಗೆ ಹೋಗಿ ಬರುತ್ತಿದ್ದಳಲ್ಲ! ಇವರು ಎಲ್ಲಿಗೆ ಹೋಗುತ್ತಾರೆಂದು ಒಮ್ಮೆಯೂ ಯೋಚಿಸಿರಲಿಲ್ಲ.

ಹುಲಗೆಮ್ಮನನ್ನು ಆಸ್ಪತ್ರೆಗೆ ಕಳಿಸಿ, ಏರಿಯ ಮೇಲೆ ನಿಂತು ಕೂಗಿದಳು. “ಎಲ್ಲಾರೂ ಗುದ್ದಲಿ ಇಳಸ್ರಿ! ಮೊದಲ ಹೆಣ್ಮಕ್ಕಳಿಗೆ ಒಂದು ಮರೆ ಆಗ್ಬೇಕು. ಆಮ್ಯಾಲ ಕೆಲಸ.”

“ಅದು ಎಸ್ಟಿಮೇಟಿನ್ಯಾಗ ಐತೇನ್ರಿ ಮೇಡಂ?” ಎಂದು ಕೂಲಿಯವರಲ್ಲೊಬ್ಬ ದುರಗೇಶ ನಕ್ಕ.

“ಹುಲಗೆಮ್ಮ ಬಿದ್ದಿದ್ದು ಐತೇನು, ಎಸ್ಟಿಮೇಟಿನ್ಯಾಗ?”

ಗುಂಪಿನ ಹಿರಿಯ ಯಮನೂರಸಾಬ ಮೊದಲು ಎದ್ದ. “ಹುಡುಗಿ ಖರೇ ಹೇಳ್ತಾಳ. ನಮ್ಮ ಮನಿಯಾಕಿನೂ ಇಲ್ಲೇ ದುಡೀತಾಳ, ನಾ ಒಂದಿನಾನೂ ಕೇಳಲಿಲ್ಲ” ಎಂದವನೇ ಏರಿಯ ಆಚೆ ತಗ್ಗು ತೋಡಲು ನಿಂತ. ದುರಗೇಶ ಜಾಲಿಯ ಕಂಬ ತಂದ. ಯಾರದೋ ಮನೆಯಿಂದ ತಾಡಪಾಲು ಬಂತು. ಊಟದ ಹೊತ್ತಿಗೆ ಮರೆ ಎದ್ದಿತ್ತು.

ಮರುದಿನದಿಂದ ಹೆಂಗಸರಿಗೆ ಒಂದು ಕೊಡ ಸಾಲದಾಯಿತು. ಬಿಸಿಲು ಏರುತ್ತಲೇ ಹೋದರೂ ಮತ್ತೆ ಯಾರೂ ಬೀಳಲಿಲ್ಲ.

ವಾರದ ಮೇಲೆ ಅಳತೆಗೆ ಬಂದ ಇಂಜಿನಿಯರು ತಾಡಪಾಲು ನೋಡಿ, “ಇದೇನಮ್ಮಾ?” ಎಂದರು. ಕವಿತಾ ಬಾಯಿ ತೆರೆಯುವ ಮೊದಲೇ, ಎರಡು ದಿನದ ಹಿಂದೆ ಕೆಲಸಕ್ಕೆ ಮರಳಿದ್ದ ಹುಲಗೆಮ್ಮ ಸೊಂಟದ ಮೇಲೆ ಕೈಯಿಟ್ಟು ಮುಂದೆ ಬಂದಳು.

“ನಮ್ಮ ಕವಿತಾ ಕಟ್ಟಿಸ್ಯಾಳ್ರಿ ಸಾಹೇಬ್ರ. ಬಾಕಿ ಕೆರಿಗಳಿಗೂ ಹೋಗಿ ಹೇಳ್ರಿ, ಹಿಂಗ ಕಟ್ಟಿಸ್ಬೇಕಂತ.”

ಹೆಂಗಸರೆಲ್ಲ ಒಟ್ಟಿಗೆ ಹೌದೆಂದರು. ಕವಿತಾ ಹಾಜರಿ ಪುಸ್ತಕವನ್ನು ಎದೆಗೆ ಒತ್ತಿಕೊಂಡು, ತಲೆಯೆತ್ತಿ ನಿಂತಳು.