ಕೆಂಪು ಸಹಿ

ಸಾಹೇಬರು ಮೂವತ್ತೇಳನೆಯ ಪುಟ ತಿರುವುವವರೆಗೆ ಮುಖದಲ್ಲಿ ಏನನ್ನೂ ತೋರಿಸಬಾರದೆಂದು ಬುದ್ಧಪ್ರಿಯ ನಿರ್ಧರಿಸಿದ್ದ. ಅವರು ಇನ್ನೂ ಹನ್ನೆರಡರಲ್ಲಿದ್ದರು. ಬೆರಳಿಗೆ ಎಂಜಲು ಹಚ್ಚಿ, ಪುಟ ಎತ್ತಿ, ಅಂಚು ನೋಡಿ, ಮುಂದಿನದಕ್ಕೆ ಹೋಗುತ್ತಿದ್ದರು.

ತಪಾಸಣೆಗೆ ಯಾದಗಿರಿಯಿಂದ ಬಂದಿದ್ದ ಅಧಿಕಾರಿಯ ಪಕ್ಕದಲ್ಲಿ ಹೆಡ್‌ಮಾಸ್ತರ ಸಂಗಮನಾಥ ಕೈಕಟ್ಟಿ ನಿಂತಿದ್ದ. ಮೇಜಿನ ಮೇಲಿದ್ದದ್ದು ಅವನ ಪಾಠ ಟಿಪ್ಪಣಿ. ಒಂಬತ್ತನೇ ತರಗತಿಯ ಸಮಾಜ ವಿಜ್ಞಾನ ಅವನ ಪಾಲಿನದು; ವರ್ಷವಿಡೀ ಆ ಕೋಣೆಗೆ ಅವನು ಕಾಲಿಟ್ಟಿರಲಿಲ್ಲ. ಟಿಪ್ಪಣಿ ಕೈಬರಹದಲ್ಲೇ ಇರಬೇಕೆಂಬುದು ನಿಯಮ. ಹಾಗಾಗಿ ಫೋನಿನಲ್ಲಿ ಎಐ ಕೊಟ್ಟದ್ದನ್ನು ಕನ್ನಡ ಮಾಸ್ತರ ಬುದ್ಧಪ್ರಿಯ ಪುಸ್ತಕಕ್ಕೆ ಇಳಿಸುತ್ತಿದ್ದ. ತನ್ನದನ್ನೂ, ಹೆಡ್‌ಮಾಸ್ತರನದನ್ನೂ. ಯೋಚಿಸುವುದು ಯಂತ್ರ, ನಕಲು ಮಾಡುವುದು ಕನ್ನಡ ಎಂ.ಎ. ಹೊರೆ ಇಳಿಸಿಕೊಳ್ಳುವುದೆಂದು ಇದಕ್ಕೆ ಅವನೇ ಹೆಸರಿಟ್ಟಿದ್ದ.

ಮೂವತ್ತೇಳನೆಯ ಪುಟದಲ್ಲಿ ಮಾತ್ರ ಯಂತ್ರ ಹೇಳದ, ಅವನೇ ಸೇರಿಸಿದ ಎರಡು ಸಾಲುಗಳಿದ್ದವು. ‘ಈ ಪಾಠವನ್ನು ನಾನು ಮಾಡಿಲ್ಲ. ಈ ವರ್ಷ ಒಂದು ಪಾಠವನ್ನೂ ಮಾಡಿಲ್ಲ.’ ಕೆಳಗೆ, ಓದದೇ ಹಾಕಿದ ಸಂಗಮನಾಥನ ಸಹಿ. ಇದು ನನ್ನ ಬರಹವಲ್ಲ ಎಂದು ಹೆಡ್‌ಮಾಸ್ತರ ಬಾಯಿ ತೆರೆದರೆ ಇಡೀ ಟಿಪ್ಪಣಿಯೇ ತನ್ನದಲ್ಲವೆಂದು ಒಪ್ಪಿದಂತೆ. ಸುಮ್ಮನಿದ್ದರೆ ಇನ್ನೂ ಚೆಂದ. ಹದಿನೈದು ದಿನದಿಂದ ಬುದ್ಧಪ್ರಿಯ ಈ ಗಳಿಗೆಯನ್ನು ನೆನೆನೆನೆದು ಒಳಗೊಳಗೇ ಚಪ್ಪರಿಸಿದ್ದ.

ಎರಡು ವರ್ಷದ ಹಿಂದೆ, ಟಿಪ್ಪಣಿ ಬರೆದಿಲ್ಲವೆಂದು, ಸಂಗಮನಾಥ ಹತ್ತನೇ ತರಗತಿಯ ಮುಂದೆಯೇ ಬುದ್ಧಪ್ರಿಯನ ಪುಸ್ತಕವನ್ನು ನೆಲಕ್ಕೆಸೆದಿದ್ದ.

“ನಿಮ್ಮಂಥವ್ರಿಗಿ ನೌಕರಿ ಪುಕ್ಕಟ್ ಸಿಗತದ. ಕೆಲಸ ಮಾಡೂದು ಯಾರು ಕಲಸಬೇಕು?”

ನಿಮ್ಮಂಥವರು ಎಂದರೆ ಯಾರೆಂದು ಮಕ್ಕಳಿಗೂ ಗೊತ್ತಿತ್ತು. ಬುದ್ಧಪ್ರಿಯ ಬಗ್ಗಿ ಎತ್ತಿಕೊಂಡಿದ್ದ. ಮಕ್ಕಳು ನಕ್ಕಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಆದರೆ ಅವರು ತಲೆ ತಗ್ಗಿಸಿದ್ದರು. ಅಂದಿನಿಂದ ಆ ಮನುಷ್ಯನ ಹಾಳನ್ನು ಬಯಸದೆ ಅವನು ಒಂದು ದಿನವೂ ಮಲಗಿರಲಿಲ್ಲ.

ಮೂವತ್ತಾರು. ಮೂವತ್ತೇಳು. ಸಾಹೇಬರು ಪುಟದ ಮೇಲೆ ಅಂಗೈ ಆಡಿಸಿದರು. ಹಸಿರು ಶಾಯಿಯಲ್ಲಿ ಸಹಿ ಮಾಡಿದರು, ಆ ಎರಡು ಸಾಲುಗಳ ಮೇಲೆಯೇ.

ಅಕ್ಷರಗಳು ಮುದ್ದಾಗಿವೆ ಎಂದರು. ಸಂಗಮನಾಥ ನಾಚಿಕೊಂಡ. ಉಳಿದ ಮಾಸ್ತರರಿಗೂ ನಾನೇ ಕೈಹಿಡಿದು ಕಲಿಸಿದ್ದೇನೆ ಎಂದ. ಸಾಹೇಬರಿಗೆ ಸುರಪುರದ ಕಡೆ ಇನ್ನೆರಡು ಶಾಲೆ ಮುಗಿಸುವುದಿತ್ತು. ಚಹಾ ಅರ್ಧಕ್ಕೇ ಬಿಟ್ಟು ಎದ್ದರು.

ಬುದ್ಧಪ್ರಿಯನ ಮೈ ಉರಿಯಿತು. ಓದುವವನೇ ಇಲ್ಲದ ಮೇಲೆ ಸೇಡು ತೀರಿಸಿಕೊಳ್ಳುವುದು ಯಾರ ಮುಂದೆ? ಒಂಬತ್ತನೇ ತರಗತಿಗೆ ಬಂದು ಕುರ್ಚಿಯಲ್ಲಿ ಕುಸಿದ. ಮಕ್ಕಳೆಲ್ಲ ಸಾಹೇಬರನ್ನು ಬೀಳ್ಕೊಡಲು ಅಂಗಳದಲ್ಲಿ ಸಾಲು ನಿಂತಿದ್ದರು. ಮೇಜಿನ ಮೇಲೆ ತಪಾಸಣೆಗೆಂದು ಪೇರಿಸಿದ ಐವತ್ತೆಂಟು ನೋಟುಬುಕ್ಕುಗಳು. ಇವುಗಳ ಫೋಟೊ ಹೊಡೆದು ಹಾಕಿದರೆ ಎಐ ಷರಾ ಹೇಳುತ್ತಿತ್ತು. ಅವನು ಅದನ್ನೇ ಕೆಂಪು ಶಾಯಿಯಲ್ಲಿ ಬರೆದು ಸಹಿ ಮಾಡುತ್ತಿದ್ದ. ಈಗ ಕೈಗೇನಾದರೂ ಬೇಕಿತ್ತು. ಮೇಲಿನದನ್ನು ತೆಗೆದ. ಭಾಗ್ಯಳದು. ‘ನನ್ನ ದಿನಚರಿ.’

‘ಊಟ ಆದ ಮೇಲೆ ನಾನು ಹೆಡ್ ಸರ್ ಮನೆಗೆ ಪಾತ್ರೆ ತಿಕ್ಕಲು ಹೋಗುತ್ತೇನೆ. ಒಳಗೆ ಬಿಡುವುದಿಲ್ಲ. ಹಿತ್ತಲಲ್ಲಿ ತಿಕ್ಕುತ್ತೇನೆ. ದಿನಾಲೂ ಕನ್ನಡ ಮತ್ತು ಗಣಿತ ತಪ್ಪುತ್ತದೆ. ನನಗೆ ಪಾಠ ಕೇಳುವ ಆಸೆ ಇದೆ.’

ಕನ್ನಡ ಅವನದೇ ಪಾಠ. ಅವಳಿಲ್ಲದ್ದು ಅವನ ಗಮನಕ್ಕೇ ಬಂದಿರಲಿಲ್ಲ. ಆದರೆ ಮೊದಲು ಉಕ್ಕಿದ್ದು ಮರುಕವಲ್ಲ, ಸಂತೋಷ. ಸಿಕ್ಕಿಬಿದ್ದ ಮಗ! ಇನ್ನು ಅವನ ನೌಕರಿ ಉಳಿಯುವುದಿಲ್ಲ. ಜೀಪು ಇನ್ನೂ ಗೇಟಿನಲ್ಲಿತ್ತು. ಬುದ್ಧಪ್ರಿಯ ಪುಸ್ತಕ ಹಿಡಿದು ಬಾಗಿಲಿಗೆ ಧಾವಿಸಿದ.

ಹೊಸ್ತಿಲ ಬೆಳಕಿನಲ್ಲಿ ಕೆಂಪಕ್ಷರ ಕಂಡಿತು. ‘ದಿನಚರಿ ಸೊಗಸಾಗಿದೆ. ಇನ್ನಷ್ಟು ವಿವರಿಸು.’ ಕೆಳಗೆ ಅವನ ಸಹಿ, ಜುಲೈ ತಿಂಗಳ ತಾರೀಖು. ಈಗ ಡಿಸೆಂಬರ್.

ನಳದ ಹತ್ತಿರ ಸಾಹೇಬರ ಚಹಾದ ಕಪ್ಪು ತೊಳೆಯುತ್ತಿದ್ದ ಭಾಗ್ಯ ಅವನ ಕೈಯಲ್ಲಿ ತನ್ನ ಪುಸ್ತಕ ನೋಡಿ ಎದ್ದು ಬಂದಳು.

“ಇನ್ನಷ್ಟು ವಿವರಿಸು ಅಂದಿದ್ರಿ ಸರ್. ಮುಂದಿನ ಹಾಳ್ಯಾಗ ಎಲ್ಲಾ ಬರದೇನಿ. ಓದಿದ್ರೇನ್ರಿ?”

ಅವನು ಹಾಳೆ ಮಗುಚಿದ. ಎರಡೂ ಮಗ್ಗುಲು ತುಂಬಿತ್ತು. ಕೊನೆಯಲ್ಲಿ ‘ಪ್ರಗತಿ ಉತ್ತಮ’, ಮತ್ತೆ ಅವನ ಸಹಿ.

“ಓದೇನಿ,” ಎಂದ.

“ಮತ್ತ ಯಾಕ ಯಾರಿಗೂ ಹೇಳಲಿಲ್ರಿ?”

ದೂರಿನ ದನಿಯಲ್ಲ, ಲೆಕ್ಕ ತಿಳಿಯದಿದ್ದಾಗ ಕೇಳುವಂತೆ ಕೇಳಿದಳು. ಹಾಳೆ ಹರಿದು ಜೇಬಿಗಿಟ್ಟರೆ ನಾನು ಉಳಿಯುತ್ತೇನೆ, ಸಂಗಮನಾಥನೂ ಉಳಿಯುತ್ತಾನೆ. ತೋರಿಸಿದರೆ ಇಬ್ಬರೂ ಹೋಗುತ್ತೇವೆ. ಬುದ್ಧಪ್ರಿಯನ ಬೆರಳುಗಳು ಹಾಳೆಯ ಬುಡದಲ್ಲಿ ಬಿಗಿದವು. ಅದನ್ನು ನೋಡಿದ ಭಾಗ್ಯ ಪುಸ್ತಕದ ಇನ್ನೊಂದು ತುದಿ ಹಿಡಿದಳು. ಗೇಟಿನಲ್ಲಿ ಜೀಪು ಶುರುವಾಯಿತು, ಸಂಗಮನಾಥ ಕೈಮುಗಿದ.

ಅವಳ ಒದ್ದೆ ಬೆರಳು ತಗುಲಿ ಕೆಂಪು ಸಹಿ ಹಾಳೆಯ ತುಂಬ ಹರಡತೊಡಗಿತು. ಹುಡುಗಿ ಬಿಡಲಿಲ್ಲ. ಅವನೂ ಬಿಡಲಿಲ್ಲ.