ನೆರೈದಾ ನುಂಗಿಕೊಂಡ ಭಾಷೆ

ಬ್ರೆಜಿಲ್‌ನ ಗಡಿ ಕಡೆಯ ಊರು ಬೋವಾ ವಿಸ್ತಾದ ಆ ಚಿಕ್ಕ ಆಸ್ಪತ್ರೆಯಲ್ಲಿ ಬೆಳಿಗ್ಗೆ ಹತ್ತಕ್ಕೇ ಬೆಂಚುಗಳೆಲ್ಲ ತುಂಬಿದ್ದವು. ನೆರೈದಾ ಎಕ್ಸ್‌ರೇ ಕೋಣೆಯ ಮುಂದಿನ ನೆಲವನ್ನು ಮೂರನೇ ಸಲ ಒರೆಸುತ್ತಿದ್ದಳು.

ವೆನೆಜುವೆಲಾದಲ್ಲಿ ಅವಳು ಶಾಲೆಯ ಟೀಚರು. ಗಡಿ ದಾಟಿ ಬ್ರೆಜಿಲ್‌ಗೆ ಬಂದ ಮೇಲೆ, ಯಾವ ಕಡೆಯವಳೆಂದು ತಿಳಿದ ಕೂಡಲೇ ಎರಡು ಮನೆಗಳಲ್ಲಿ ಕೆಲಸ ಬಿಡಿಸಿದ್ದರು. ಹಾಗಾಗಿ ಇಲ್ಲಿ ಬ್ರೆಜಿಲ್‌ನದೇ ಊರಾದ ಮನಾವುಸ್‌ನವಳು ಎಂದಿದ್ದಳು. ತನ್ನ ಸ್ಪ್ಯಾನಿಷ್ ಉಚ್ಚಾರ ಗೊತ್ತಾಗಬಾರದೆಂದು ಮಾತನ್ನೇ ಕಡಿಮೆ ಮಾಡಿದ್ದಳು. ನಾಲ್ಕು ವರ್ಷ ಹೀಗೆ ಬಾಯಿ ಮುಚ್ಚಿಕೊಂಡು ಅವಳಿಗೆ ಸಾಕಾಗಿತ್ತು.

ಚೀಟಿ ನೋಡುವ ಇವೊನೆಚಿಯ ಮೇಜಿನ ಮುಂದೆ ಯೊಸೆಲಿನ್ ಎಂಬ ಹುಡುಗಿ ನಿಂತಿದ್ದಳು. ಸೈಕಲ್ಲಿನಿಂದ ಬಿದ್ದು ಸೊಂಟಕ್ಕೆ ಪೆಟ್ಟಾಗಿತ್ತು. ಒಳಗೆ ಕರೆದಾಗ ಅವಳು ಹಿಂಜರಿದು, "ಎಂಬರಸಾದಾ, ಎಂಬರಸಾದಾ" ಎಂದಳು.

ಪೋರ್ಚುಗೀಸ್ ಆಡುವ ಬ್ರೆಜಿಲ್‌ನವರ ಕಿವಿಗೆ ಅದು ನಾಚಿಕೆ ಎಂದು ಕೇಳಿಸುತ್ತದೆ.

"ಒಳಗಿರೋಳೂ ಹೆಂಗಸೇ ಕಣಮ್ಮ, ಏನು ನಾಚಿಕೆ? ನಡಿ," ಎಂದಳು ಇವೊನೆಚಿ.

"ಗಡಿ ದಾಟೋವಾಗ ಇರಲಿಲ್ವಲ್ಲ ಈ ನಾಚಿಕೆ," ಎಂದು ಬೆಂಚಿನಿಂದ ಒಬ್ಬ ಅಂದ. ನಾಲ್ಕಾರು ಜನ ನಕ್ಕರು. ಹುಡುಗಿ ಕಣ್ಣೊರೆಸಿಕೊಂಡು ಬಾಗಿಲ ಕಡೆ ಹೆಜ್ಜೆಯಿಟ್ಟಳು.

ನೆರೈದಾ ಬಕೆಟ್ಟಿನಲ್ಲಿ ಬಟ್ಟೆ ಅದ್ದಿದಳು, ಹಿಂಡಿದಳು. ನನಗ್ಯಾಕೆ ಅಂದುಕೊಂಡಳು. ಆದರೂ ಎದ್ದು ಬಾಗಿಲಿಗೆ ಅಡ್ಡ ನಿಂತಳು.

"ನಾಚಿಕೆ ಅಲ್ಲ, ಅವಳು ಬಸುರಿ. ನಮ್ಮ ಭಾಷೇಲಿ ಆ ಮಾತಿಗೆ ಹಾಗರ್ಥ."

ಇವೊನೆಚಿ ಚೀಟಿ ಹಿಂದಕ್ಕೆ ತೆಗೆದುಕೊಂಡು, ಎಕ್ಸ್‌ರೇ ಬೇಡವೆಂದು ಡಾಕ್ಟರಿಗೆ ಬರೆದಳು. ಬರೆದಾದ ಮೇಲೆ ತಲೆಯೆತ್ತಿದಳು.

"ನಮ್ಮ ಭಾಷೆ ಅಂದ್ಯಲ್ಲ."

"ಹೌದು. ನಾನೂ ಆ ಕಡೆಯವಳೇ."

"ನಾಲ್ಕು ವರ್ಷದಿಂದ ನನ್ನ ಪಕ್ಕ ಕೂತು ಊಟ ಮಾಡ್ತೀಯ. ಒಂದು ಮಾತು ಹೇಳಬಾರದಿತ್ತಾ?"

"ನೀವು ನಮ್ಮೋರನ್ನ ಬೈತಿದ್ದಿದ್ದೇ ಊಟದ ಹೊತ್ತಲ್ಲಿ, ದೋನಾ ಇವೊನೆಚಿ."

ಇವೊನೆಚಿ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡಳು. "ದಿನಾ ನೂರಾರು ಜನ ಬರ್ತಾರೆ. ಯಾರ ಮಾತೂ ಅರ್ಥ ಆಗಲ್ಲ. ನಂಗೂ ವಯಸ್ಸಾಯ್ತು, ಸಿಟ್ಟು ಬರತ್ತೆ." ಕನ್ನಡಕ ಮತ್ತೆ ಹಾಕಿಕೊಂಡು, "ಆ ಮಗೂಗೆ ಏನಾದ್ರೂ ಆಗಿದ್ರೆ..." ಎಂದು ಅಲ್ಲಿಗೇ ನಿಲ್ಲಿಸಿದಳು.

ಬೆಂಚಿನಲ್ಲಿ ಯಾರೂ ನಗಲಿಲ್ಲ. ಇವೊನೆಚಿ ತನ್ನ ಮೇಜಿನ ಪಕ್ಕಕ್ಕೆ ಇನ್ನೊಂದು ಕುರ್ಚಿ ಎಳೆದಳು.

"ಮುಂದಿನ ಮೂವರೂ ಆ ಕಡೆಯವರೇ. ನೆಲ ಆಮೇಲೆ ಒರೆಸಿದ್ರಾಯ್ತು."

ನೆರೈದಾ ಒದ್ದೆ ಕೈಗಳನ್ನು ಲಂಗಕ್ಕೆ ಒರೆಸಿಕೊಂಡು ಕೂತಳು. ಆಮೇಲೆ ಸಾಲಿನ ಕೊನೆಯವರೆಗೂ ಕೇಳಿಸುವಂತೆ, ತನ್ನ ಸ್ಪ್ಯಾನಿಷ್‌ನಲ್ಲಿ, ಮುಂದಿನವರನ್ನು ಕರೆದಳು.