ಹೊಸ ಮನೆಯ ಹಸಿ ಗೋಡೆ

ಶಿಕಾರಿಪುರದ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾಗಿದ್ದ ನಾಗರಾಜಪ್ಪನಿಗೆ ಬೆಂಗಳೂರಿಗೆ ವರ್ಗ ಆಯ್ತು. ಕೆಲಸಕ್ಕೆ ಹಾಜರಾದ. ಆದರೆ ಮನೆ ಸಿಗಲಿಲ್ಲ. ಮೂರು ತಿಂಗಳು ಇನ್ನಿಬ್ಬರ ಜೊತೆ ಒಂದೇ ಕೋಣೆಯಲ್ಲಿ ಮಲಗಿದ. ಹೆಂಡತಿ ಲೋಕಮ್ಮ ನಾಲ್ಕು ತಿಂಗಳ ಕೂಸು ತುಂಗಾಳನ್ನು ಇಟ್ಟುಕೊಂಡು ಶಿಕಾರಿಪುರದಲ್ಲೇ ಉಳಿದಳು. ಮಗಳು ಮೊದಲ ಸಲ ಮಗ್ಗುಲಾದದ್ದನ್ನು ಅವನು ಕಾಗದದಲ್ಲಿ ಓದಿ ತಿಳಿದ.

ಮಾಘ ಕಳೆಯುವ ಹೊತ್ತಿಗೆ ಒಂದು ಭಾನುವಾರ ಬಸ್ಸಿಳಿದು ಓಡೋಡಿ ಬಂದ.

"ಲೋಕೀ, ಮನೆ ಸಿಕ್ತು! ಕೆಳಗೆ ಎರಡು ಮನೆ, ಮೇಲೆ ಎರಡು. ಮೇಲಿನದ್ರಾಗೆ ಒಂದು ನಮ್ದು. ಅಡುಗೆಮನೆ ಒಳಗೇ ನಲ್ಲಿ ಐತಿ. ಇನ್ನೂ ಸುಣ್ಣದ ವಾಸನೆ ಹೋಗಿಲ್ಲ, ಅಷ್ಟು ಹೊಸದು. ಬರೋ ಶುಕ್ರವಾರ ಹಾಲು ಉಕ್ಕಿಸೋಣ."

ಲೋಕಮ್ಮನ ಕಣ್ಣು ತುಂಬಿ ಬಂತು. ಆಗಲೇ ಪಾತ್ರೆ ಗಂಟು ಕಟ್ಟುವ ಲೆಕ್ಕ ಹಾಕತೊಡಗಿದಳು.

ಜಗಲಿಯ ಮೇಲೆ ಕೂಸನ್ನು ಆಡಿಸುತ್ತ ಕೂತಿದ್ದವಳು ನಿಂಗಮ್ಮ. ಅವಳೂ ಲೋಕಮ್ಮನೂ ಸೊರಬದ ಕಡೆಯ ಗುಡವಿಯವರು. ನಿಂಗಮ್ಮ ಗಂಡನ ಜೊತೆ ಬೆಂಗಳೂರಿನಲ್ಲಿ ಆರು ವರ್ಷ ಗಾರೆ ಕೆಲಸ ಮಾಡಿ ಬಂದವಳು. ಈಗ ಶಿಕಾರಿಪುರದಲ್ಲೇ ಕೂಲಿ. ಬಿಡುವಾದಾಗ ತವರೂರಿನವಳ ಮನೆಗೆ ಬಂದು ನೀರು ಕುಡಿದು ಹೋಗುತ್ತಿದ್ದಳು.

"ಗೋಡೆಗೆ ಗಾರೆ ಮೆತ್ತಿ ಎಷ್ಟು ದಿನ ಆತ್ರೀ?" ಎಂದು ಕೇಳಿದಳು.

"ಇಪ್ಪತ್ತು ದಿನ ಆಗಿರಬೇಕು. ಯಾಕೆ?"

"ಹಂಗಾದ್ರೆ ಇನ್ನೂ ಹಸಿ ಐತೆ. ಕೂಸನ್ನ ಈಗಲೇ ಕರ್ಕಂಡು ಹೋಗಬ್ಯಾಡ್ರಿ."

ನಾಗರಾಜಪ್ಪನಿಗೆ ಸಿಟ್ಟು ಬಂತು. "ನಾನು ಕೈ ಇಟ್ಟು ನೋಡೀನಿ, ಒಣಗೈತಿ. ಬೆಂಗಳೂರಾಗೆ ಮನೆ ಸಿಗೋದು ಎಷ್ಟು ಕಷ್ಟ ಅಂತ ನಿಮಗೆ ಗೊತ್ತಿಲ್ಲ. ನಾನು ಬಿಟ್ರೆ ಹಿಂದೆ ಆರು ಜನ ನಿಂತಾರೆ."

"ಗೊತ್ತೈತ್ರೀ. ಅಂಥ ಮನೆ ಕಟ್ಟಿದೋರೇ ನಾವು. ಮೇಲೆ ಒಣಗಿದಂಗೆ ಕಾಣ್ತೈತೆ. ಇಟ್ಟಿಗೆ ಕುಡಿದ ನೀರು ಒಳಗೇ ಇರ್ತೈತೆ, ನಿಧಾನಕ್ಕೆ ಹೊರಗೆ ಬರ್ತೈತೆ. ಬಾಗಿಲು ಕಿಟಕಿ ಹಾಕ್ಕಂಡು ಮಲಗಿದ್ರೆ ಆ ತೇವದಾಗೇ ಉಸಿರಾಡಬೇಕು."

"ಒಂದು ಅಗ್ಗಿಷ್ಟಿಕೆ ಕೆಂಡ ಇಟ್ರೆ ಎರಡು ದಿನದಾಗೆ ಒಣಗ್ತೈತಿ ಬಿಡ್ರಿ."

"ಅದೊಂದು ಮಾತ್ರ ಮಾಡಬ್ಯಾಡ್ರಿ! ಬಾಗಿಲು ಹಾಕಿದ ಕೋಣೆಯಾಗೆ ಕೆಂಡ ಇಟ್ರೆ ಅದರ ವಿಷಗಾಳಿ ತುಂಬಿ ಮಲಗಿದೋರು ಏಳಾದೇ ಇಲ್ಲ."

ನಾಗರಾಜಪ್ಪ ನಕ್ಕುಬಿಟ್ಟ. ನಿಂಗಮ್ಮ ನಗಲಿಲ್ಲ. ಕೂಸನ್ನು ಲೋಕಮ್ಮನ ಕೈಗೆ ಕೊಟ್ಟು ಸೆರಗು ಸರಿ ಮಾಡಿಕೊಂಡಳು.

"ನನಗೂ ಒಂದು ಹೆಣ್ಣು ಕೂಸಿತ್ತು. ಒಂದು ವರ್ಷದ್ದು. ಕಟ್ಟಡ ಕಾಯಾಕೆ ಅಂತ ನಮ್ಮನ್ನ ಹೊಸ ಕೋಣೆಯಾಗೆ ಇರ್ಸಿದ್ರು. ಗುಡಿಸಲು ಬಿಟ್ಟು ಗಾರೆ ಮನೆಯಾಗೆ ಮಲಗ್ತೀವಿ ಅಂತ ನಮಗೆ ಹಿಗ್ಗೋ ಹಿಗ್ಗು. ಚಳಿ ಅಂತ ಕಿಟಕೀನೂ ತೆಗೀಲಿಲ್ಲ. ಹತ್ತು ದಿನಕ್ಕೆ ಕೂಸಿಗೆ ಎದೆ ಕಟ್ಟಿತು. ಆಸ್ಪತ್ರೆಗೆ ಹೋಗಾದೂ ತಡ ಮಾಡಿದ್ವಿ. ಎಲ್ಲಿ ಮಲಗಿಸ್ತಿದ್ರಿ ಅಂತ ಡಾಕ್ಟ್ರು ಕೇಳಿದ್ರು. ಹೇಳಿದೆ. ಇಷ್ಟು ಸಣ್ಣ ಎದೆ ಅಂಥ ತೇವ ತಡೀತದೇನಮ್ಮ ಅಂದ್ರು. ಕೂಸು ಉಳೀಲಿಲ್ಲ. ಆ ಗೋಡೆಗೆ ಗಾರೆ ಹೊತ್ತೋಳು ನಾನೇ. ನನಗೇ ತಿಳೀಲಿಲ್ಲ."

ಲೋಕಮ್ಮ ಕೂಸನ್ನು ಎದೆಗೆ ಒತ್ತಿಕೊಂಡಳು.

"ನನ್ನ ಮಾತು ನಂಬಬ್ಯಾಡ್ರಿ, ನೀವೇ ನೋಡ್ರಿ," ಎಂದಳು ನಿಂಗಮ್ಮ. ಲೋಕಮ್ಮನಿಂದ ಒಂದು ಹಿಡಿ ಕಲ್ಲುಪ್ಪನ್ನು ತೇವ ಹೋಗುವಂತೆ ಹುರಿಸಿ, ಎರಡು ಬಟ್ಟೆಯಲ್ಲಿ ಗಂಟು ಕಟ್ಟಿ, ಬಿಗಿ ಮುಚ್ಚಳದ ಡಬ್ಬಿಗೆ ಹಾಕಿಸಿದಳು. "ಅಲ್ಲಿ ಹೋಗಿ ಡಬ್ಬಿಯಿಂದ ತೆಗೆದು ಒಂದು ಗಂಟನ್ನ ನೀವು ಈಗ ಇರೋ ಕೋಣೆಯಾಗೆ ಇಡ್ರಿ. ಇನ್ನೊಂದನ್ನ ಹೊಸ ಮನೆಯಾಗೆ ಇಟ್ಟು ಕಿಟಕಿ ಬಾಗಿಲು ಹಾಕ್ರಿ. ಮರುದಿನ ಮುಟ್ಟಿ ನೋಡ್ರಿ. ಗಾಳಿಯಾಗೆ ತೇವ ಇದ್ರೆ ಉಪ್ಪು ಕುಡೀತೈತೆ."

ನಾಗರಾಜಪ್ಪ ಒಬ್ಬನೇ ಬೆಂಗಳೂರಿಗೆ ಹೋದ. ಅರ್ಧ ನಂಬಿಕೆ, ಅರ್ಧ ನಾಚಿಕೆ. ನಿಂಗಮ್ಮ ಹೇಳಿದಂತೆಯೇ ಮಾಡಿದ. ಮರುದಿನ ಹಳೇ ಕೋಣೆಯ ಗಂಟು ಗರಿಗರಿಯಾಗಿತ್ತು. ಹೊಸ ಮನೆಯ ಗಂಟಿನ ಬಟ್ಟೆ ಒದ್ದೆಯಾಗಿ ಬೆರಳಿಗೆ ಅಂಟಿತು.

ಎರಡನ್ನೂ ಹಿಡಿದು ಮನೆ ಮಾಲೀಕರಾದ ಅಕ್ಕಿ ವ್ಯಾಪಾರದ ಪರಮಶಿವಪ್ಪನವರ ಬಳಿ ಹೋದ. "ಎರಡು ತಿಂಗಳು ತಡೆದು ಸಂಸಾರ ತರ್ತೀನಿ ಸ್ವಾಮಿ. ಮನೆ ನನಗೇ ಇಡಿ. ನಾನೇ ದಿನಾ ಬಂದು ಕಿಟಕಿ ತೆಗೆದಿಡ್ತೀನಿ."

"ಆಗೋದಿಲ್ಲ ಕಣ್ರೀ. ನೀವಲ್ಲದಿದ್ರೆ ಇನ್ನೊಬ್ಬರು ನಾಳೆಯೇ ಬರ್ತಾರೆ. ಹೊಸ ಮನೆ ಅಂದ್ರೆ ಸ್ವಲ್ಪ ಹಸಿ ಇದ್ದೇ ಇರುತ್ತೆ."

ನಾಗರಾಜಪ್ಪನ ಕೈಗೆ ಬಂದ ಮನೆ ಹೋಗುತ್ತಿತ್ತು. ಸುಮ್ಮನೆ ಹೂಂ ಅಂದುಬಿಡಬಹುದಿತ್ತು. "ಹಾಗಾದ್ರೆ ಬೇಡ ಸ್ವಾಮಿ," ಎಂದ. "ಆದ್ರೆ ಬರೋರಿಗೂ ಇದನ್ನ ತೋರಿಸಿ. ನಮ್ಮೂರ ಕಡೆ ಒಬ್ಬ ತಾಯಿ ಹಿಂಗೇ ಕೂಸು ಕಳಕೊಂಡಾಳೆ."

ಪರಮಶಿವಪ್ಪ ಒದ್ದೆ ಗಂಟನ್ನು ಕೈಗೆ ತೆಗೆದುಕೊಂಡರು. ಬೆರಳಿನಿಂದ ಒತ್ತಿ ನೋಡಿದರು. ಕೆಳಗಿನ ಮನೆಯಲ್ಲಿ ಅವರ ಮಗಳ ಬಾಣಂತನಕ್ಕೆ ಮಂಚ ಹಾಕಿಸಿ ಆಗಿತ್ತು. ಅವಳಿಗೆ ಅದೇ ವಾರ ದಿನ ತುಂಬುತ್ತಿತ್ತು.

"ಮೇಸ್ತ್ರಿ ಒಣಗಿದೆ ಅಂದ. ನಾನೂ ಕೇಳಲಿಲ್ಲ," ಎಂದರು ಮೆಲ್ಲಗೆ. ಆಮೇಲೆ ಆಳನ್ನು ಕರೆದು, "ಕೆಳಗಿನ ಮಂಚ ಹಳೇ ಮನೆಗೆ ತಗೊಂಡು ಹೋಗು" ಎಂದರು. ನಾಗರಾಜಪ್ಪನ ಕಡೆ ತಿರುಗಿ, "ಬೀಗದ ಕೈ ನಿಮ್ಮ ಹತ್ರಾನೇ ಇರಲಿ. ಯುಗಾದಿ ಕಳೀಲಿ, ಚೆನ್ನಾಗಿ ಬಿಸಿಲು ಕುಡೀಲಿ. ಒಣಗಿದ ಮೇಲೆ ಬಾಡಿಗೆ ಮಾತು," ಎಂದರು. ಅಷ್ಟನ್ನೂ ಒಂದು ಚೀಟಿಯಲ್ಲಿ ಬರೆದು ರುಜು ಹಾಕಿ ಕೊಟ್ಟರು.

ವೈಶಾಖದಲ್ಲಿ ಹೊಸ ಮನೆಯಲ್ಲಿ ಮತ್ತೆ ಇಟ್ಟ ಉಪ್ಪಿನ ಗಂಟು ಗರಿಗರಿಯಾಗಿಯೇ ಉಳಿದ ಮೇಲೆಯೇ ಲೋಕಮ್ಮ ಕೂಸಿನ ಜೊತೆ ಬೆಂಗಳೂರಿನ ಬಸ್ಸು ಹತ್ತಿದಳು. ಬಸ್‌ಸ್ಟ್ಯಾಂಡಿಗೆ ನಿಂಗಮ್ಮ ಬಂದಿದ್ದಳು. ಕರೆದೊಯ್ಯಲು ಬಂದಿದ್ದ ನಾಗರಾಜಪ್ಪ ಕೂಸನ್ನು ಅವಳ ಕೈಗೆ ಕೊಟ್ಟ. ಬಸ್ಸು ಹೊರಡುವ ತನಕ ನಿಂಗಮ್ಮ ಅದನ್ನು ಎತ್ತಿಕೊಂಡೇ ನಿಂತಿದ್ದಳು.

ಅಕ್ಕಂದಿರೇ, ಅಣ್ಣಂದಿರೇ, ಪಟ್ಟಣದಲ್ಲಿ ಮನೆ ಸಿಗುವುದು ಕಷ್ಟ, ನಿಜ. ಆ ಅವಸರದಲ್ಲಿ ಹಸಿ ಗೋಡೆಯ ಮನೆಗೆ ಕಾಲಿಡಬೇಡಿ. ಗಾರೆ ಯಾವಾಗ ಮೆತ್ತಿದರು ಎಂದು ಕೇಳಿ. ಉಪ್ಪಿನ ಗಂಟು ಇಟ್ಟು ನೋಡಿ. ಹಗಲೆಲ್ಲ ಕಿಟಕಿ ಬಾಗಿಲು ತೆರೆದಿಡಿ. ಮುಚ್ಚಿದ ಕೋಣೆಯಲ್ಲಿ ಕೆಂಡ ಇಡಲೇಬೇಡಿ. ಕೂಸಿನ ಉಸಿರು ಏದುಸಿರಾದರೆ ಅದೇ ಗಳಿಗೆ ಆಸ್ಪತ್ರೆಗೆ ಕರೆದೊಯ್ಯಿರಿ. ಮನೆ ಕಟ್ಟಿಸಿ ಬಾಡಿಗೆಗೆ ಕೊಡುವ ಯಜಮಾನರೇ, ನಿಮ್ಮ ಮಗಳ ಬಾಣಂತನ ಆ ಕೋಣೆಯಲ್ಲಿ ಮಾಡಿಸುವಿರಾ? ಹೌದು ಅನ್ನುವಂತಾದ ಮೇಲೆ ಬೀಗದ ಕೈ ಕೊಡಿ.